ಸುಮ್ಕೆ ಕುಂತ್ಕಳೋ ಹುಡ್ಗಿ

ಬಿಳಿಕೆರೆ
21-11-1999, ಭಾನುವಾರ ಸಾಯಂಕಾಲ

ಮಗ ಪವಿತ್ರಾ,

ನಾನು ಕಣವ್ವ, ನಿಮ್ಮಪ್ಪ. ಟೇಪಿನ ಕೆಂಪು ಲೈಟು ಹತ್ಕಂಡೈತೆ, ಅಂದ್ರೆ ಮಾತು ತುಂಬ್ಕತಾ ಐತೆ ಅಂತ ಲೆಕ್ಕ. ಚೆನ್ನಾಗಿದ್ದೀಯಾ? ಅಳಿಯಂದ್ರು ಚೆನ್ನಾಗವ್ರಾ? ಇಲ್ಲಿ ನಿಮ್ಮಜ್ಜಿ ಮಂಡಿ ನೋವೊಂದು ಬುಟ್ರೆ ಎಲ್ಲಾ ಚೆನ್ನಾಗೈತೆ. ದಸರಾಕ್ ಮುಂಚೆನೇ ಕ್ಯಾಸೆಟ್ಟು ಕಳಿಸ್ತೀನಿ ಅಂದಿದ್ದೆ, ದೀಪಾವಳಿನೂ ಕಳೀತು. ಬೈಕೋಬ್ಯಾಡ ಕಣವ್ವ, ಕೂತ್ಕಳಕ್ಕೆ ಪುರುಸೊತ್ತಾಗ್ನಿಲ್ಲ. ಕಾಗದ ಬರೆಸಾಣ ಅಂದ್ರೆ ನಿಮ್ಮತ್ತೆ ಕನ್ನಡ ಬಲ್ಲೋರನ್ನ ಕರ್ದು ಓದಿಸ್ತಾರೆ ಅಂತ ನೀನೇ ಹೇಳಿದ್ದೆ. ಅದಕ್ಕೇ ಈ ಕ್ಯಾಸೆಟ್ಟು. ಕೇರಳಕ್ಕೆ ನಿಮ್ ಮಾನಂತವಾಡಿಗೆ ಹೋಗೋ ಬಸ್ಸಿನ ಕಂಡಕ್ಟ್ರು ನಮ್ಮಂಗಡೀಲೇ ಟೀ ಕುಡಿಯೋದು. ನಿನ್ ಕೈಗೇ ಕೊಡ್ತೀನಿ ಅಂದವ್ರೆ. ಮನೇಲಿ ಯಾರೂ ಇಲ್ದಾಗ ಹಾಕ್ಕೊ.

ಸಿಂಧು ವಿಷ್ಯ ಹೇಳ್ಬೇಕು. ನಿನ್ ಮಗಳನ್ನ ಮೈಸೂರಿನ ಆ ಮಕ್ಕಳ ಮನೆಯಿಂದ ಬುಡಿಸ್ಕಂಡು ಬತ್ತೀನಿ, ಅರ್ಜಿ ಕೊಟ್ಟಿದೀನಿ ಅಂತ ಹೋದ ಕ್ಯಾಸೆಟ್ನಾಗೇ ಹೇಳಿದ್ದೆ. ನೀನು ಅದಕ್ಕೆ ಹೂಂ ಅನ್ಲಿಲ್ಲ, ಉಹೂಂ ಅನ್ಲಿಲ್ಲ. ಅವಳಪ್ಪ ಹೋದ್ಮೇಲೆ ನೀನು ಆಸ್ಪತ್ರೆ ಕೆಲಸಕ್ ಸೇರ್ಕಂಡು ಕೂಸ್ನ ಅಲ್ಲಿ ಬುಟ್ಟಿದ್ದು ನಾನೇನ್ ತಪ್ಪು ಅಂತಿಲ್ಲ. ಆಮೇಲೆ ಮದ್ವೆಯಾಗಿ ಅಷ್ಟು ದೂರ ಹೋದೆ. ಅತ್ತೆ ಮನೇಲಿ ಸಿಂಧು ಅನ್ನೋಳು ಒಬ್ಬಳವ್ಳೆ ಅಂತನೇ ಗೊತ್ತಿಲ್ಲ, ಅದೂ ನಂಗೆ ಅರ್ಥ ಆಯ್ತದೆ. ಆಗ ನಿಮ್ಮವ್ವ ಹಾಸಿಗೆ ಹಿಡ್ದಿದ್ಲು, ನಮ್ ಕೈಲಿ ಆಯ್ತಿರ್ನಿಲ್ಲ. ಈಗ ಅವಳೂ ಇಲ್ಲ. ಸ್ಕೂಲು ಅಂಗಡಿ ಎದುರಿಗೇ ಐತೆ. ಬೋಂಡ ಕರೀತಾನೇ ಕೂಸ್ನ ಮ್ಯಾಲೆ ಕಣ್ಣಿಡಬೋದು.

ಆದ್ರೆ ಅವ್ರು ಅಂಗೆಲ್ಲಾ ಕೊಟ್ಬುಡಕ್ಕಿಲ್ವಂತೆ. ಮನೆ ನೋಡಿ, ಜನ ನೋಡಿ, ಮಗು ಕೊಡ್ಬೋದೋ ಬ್ಯಾಡ್ವೋ ಅಂತ ತೂಗಬೇಕಂತೆ. ತೂಗಕ್ಕೆ ಕಳ್ಸಿದ್ದು ಯಾರನ್ನ ಅಂತೀಯಾ? ಸುಧಾ ಅಂತ ಒಂದು ಕಾಲೇಜು ಹುಡ್ಗಿ. ಸಮಾಜ ಸೇವೆ ಓದ್ತಾವ್ಳೆ. ಜನಗಳ ಹತ್ರ ಎಂಗೆ ಮಾತಾಡಬೇಕು, ಎಂಗೆ ಅಳೀಬೇಕು ಅಂತ ಈಗ ಕಲೀತಾವ್ಳಂತೆ. ಜೊತೇಲಿ ಅವಳ ಮೇಷ್ಟ್ರು ನೀಲಕಂಠಸ್ವಾಮಿ ಅಂತ. ನಂಗೆ ಮೊದಲ್ನೇ ದಿನವೇ ಗುಮಾನಿ ಬಂತು. ಕಲಿಯೋಳಿಗೆ ನಮ್ಮನೆನೇ ಬೇಕಾಗಿತ್ತಾ? ಮಕ್ಕಳೆಲ್ಲಾ ಮನೆಗೋದ್ರೆ ಆ ಸಂಸ್ಥೆ ಬಾಗಿಲು ಹಾಕ್ಬೇಕಾಯ್ತದೆ, ಅದಕ್ಕೇ ಏನಾರ ಹುಳುಕು ತೆಗಿಯಕ್ಕೆ ಕಳ್ಸವ್ರೆ ಅಂದ್ಕಂಡೆ.

ಅವ್ರು ಬರೋ ದಿನ ಪಕ್ಕದ ಮನೆ ವಿಮಲಮ್ಮನ ಹತ್ರ ಎರಡು ಕುರ್ಚಿ, ಸ್ಟೀಲ್ ಲೋಟ, ಒಂದು ಹೂವಿನ ಬೆಡ್‌ಶೀಟು ಇಸ್ಕಂಡ್ ಬಂದೆ. ಊರಲ್ಲಿ ಎಲ್ಲಾ ಮಾಡೋದೇ ತಾನೆ. ನಿನ್ನ ಮೊದಲ್ನೇ ಮದ್ವೆಗೆ ನೋಡಕ್ ಬಂದಾಗ ವಿಮಲಮ್ಮನ ಕುರ್ಚಿ ಮ್ಯಾಲೇ ಬೀಗ್ರು ಕುಂತಿದ್ದು. ಹುಡ್ಗಿ ಬಂದು ಕುಂತ್ಕಂಡ್ಲು, ನೀರು ಕುಡುದ್ಲು, ಸೂರು ನೋಡಿದ್ಲು, ಒಲೆ ನೋಡಿದ್ಲು, ಅಜ್ಜಿ ಕಾಲು ನೋಡಿದ್ಲು. ಆಮೇಲೆ ಒಂದೇ ಉಸುರಿಗೆ, ನೀವು ಕುಡಿಯಲ್ಲ ತಾನೆ ಅಂದ್ಲು. ಇಲ್ಲ ಅಂದೆ. ಕೋಪ ಜಾಸ್ತಿ ಇಲ್ಲ ಅಲ್ವಾ ಅಂದ್ಲು. ಇಲ್ಲ ಅಂದೆ. ಮಗು ತಾಯಿ ಎಲ್ಲವ್ರೆ ಅಂದಿದ್ದಕ್ಕೆ, ಗೋಣಿಕೊಪ್ಪ ಕಡೆ ಕಾಫಿ ತೋಟದಲ್ಲಿ ಕೆಲಸಕ್ಕವ್ಳೆ ಅಂದೆ. ನಿನ್ ಸಂಸಾರದ ವಿಷ್ಯ ನಾನ್ಯಾಕೆ ಎತ್ಲಿ?

ಬಸ್ಸು ಬರೋಗಂಟ ಇಬ್ರೂ ನಮ್ಮಂಗಡೀಲೇ ಕುಂತಿದ್ರು. ಬಾಣಲೆ ಸದ್ದಿಗೆ ನಂಗೆ ಕೇಳಿಸಕ್ಕಿಲ್ಲ ಅಂದ್ಕಂಡ್ರೇನೋ, ಮೇಷ್ಟ್ರು ಅವಳಿಗೆ ಮಂಗಳಾರತಿ ಶುರು ಮಾಡ್ಕಂಡ್ರು.

"ಉತ್ತರಾನ ನೀನೇ ಉಂಡೆ ಕಟ್ಟಿ ಬಾಯಿಗಿಟ್ರೆ ಅವ್ರು ನುಂಗದೆ ಇನ್ನೇನಮ್ಮ ಮಾಡ್ತಾರೆ? ಅಂಗಡಿ ಮುಚ್ಚಿದ್ಮೇಲೆ ಏನ್ ಮಾಡ್ತೀರಿ ಅಂತ ಕೇಳು. ಕೇಳಿ ಸುಮ್ನೆ ಕೂತ್ಕೊ. ಸುಮ್ನೆ ಕೂತ್ರೆ ಎದುರಿಗಿರೋರಿಗೆ ತಡಿಯಲ್ಲ, ಅವ್ರೇ ತುಂಬ್ತಾರೆ. ಬಾಯಲ್ಲಿ ಹೇಳದೇ ಇರೋದನ್ನ ಕಣ್ಣಲ್ಲಿ ನೋಡು."

ನಾನು ಬೋಂಡ ತಿರುವುಕಂಡು ಎಲ್ಲಾ ಕೇಳಿಸ್ಕಂಡೆ. ಓಹೋ, ಇದಾ ಇವ್ರ ಕಸುಬು ಅಂದ್ಕಂಡೆ. ಬರ್ಲಿ, ಯಾರು ಸುಮ್ಕಿರ್ತಾರೋ ನೋಡೇಬುಡಾಣ.

ಎರಡ್ನೇ ಸತಿ ಒಬ್ಬಳೇ ಬಂದ್ಲು. ಮೇಷ್ಟ್ರು ಹೇಳ್ಕೊಟ್ಟಂಗೇ, ಅಂಗಡಿ ಮುಚ್ಚಿದ್ಮೇಲೆ ನಿಮ್ ಸಾಯಂಕಾಲ ಎಂಗೆ ಕಳೀತದೆ ಅಂತ ಕೇಳಿದ್ಲು. ಕೇಳ್ಬುಟ್ಟು ಕೈ ಕಟ್ಕಂಡು ಸುಮ್ಕೆ ಕುಂತ್ಕಂಡ್ಲು. ನಾನೂ ಸುಮ್ಕೆ ಕುಂತೆ. ಆಚೆ ಒಂದು ಕೋಳಿ ಕೆದುರ್ತಿತ್ತು. ಲಾರಿ ಹೋಯ್ತು. ಅವಳು ನೋಡ್ತಾವ್ಳೆ, ಮುಖದಲ್ಲಿ ಒಂದಿಷ್ಟು ನಗೆ ಇಟ್ಕಂಡು, ಮದ್ವೆ ಮನೆ ಫೋಟೋ ತೆಗಿಸ್ಕಳೋರ ತರ. ನಂಗೆ ಬಾಯೊಳಗೆ ಇರುವೆ ಬುಟ್ಟಂಗಾಯ್ತು ಕಣವ್ವ. ನಿಂಗೇ ಗೊತ್ತಲ್ಲ ನಿಮ್ಮಪ್ಪ. ಶುರು ಮಾಡ್ದೆ ನೋಡು, ಹಳೇ ಎಣ್ಣೇಲಿ ಬೋಂಡ ಕರಿಯಕ್ಕಿಲ್ಲ ಅನ್ನೋದ್ರಿಂದ ಹಿಡ್ದು, ಬೀಡಿ ಬುಟ್ಟಿದ್ದು, ಪಂಚಾಯ್ತಿ ಮೆಂಬರ್ ಪುಟ್ಟಮಲ್ಲಪ್ಪನ ಜೊತೆ ಚರಂಡಿಗೆ ಕಿತ್ತಾಡಿದ್ದು, ನಿಮ್ಮವ್ವ ಹೋದ್ ಮೇಲೂ ಅವಳ ಸೀರೆ ಗೂಟದಲ್ಲೇ ಐತೆ ಅನ್ನೋದು, ಎಲ್ಲಾ ಸುರ್ದುಬುಟ್ಟೆ. ಒಂದು ಸಾಲೂ ಬರ್ಕಳ್ಳಿಲ್ಲ ಅವಳು. ಅದೇ ನಂಗೆ ಇನ್ನೂ ಭಯ. ಬರ್ಕಂಡ್ರೆ ಇಣುಕಿ ನೋಡ್ಬೋದು, ತಲೇಲಿ ಇಟ್ಕಂಡ್ರೆ ಏನ್ ಮಾಡೋದು?

ಎದ್ದು ಚಪ್ಪಲಿ ಹಾಕ್ಕತಾ, "ವಿಮಲಮ್ಮ ಅಂದ್ರೆ ಯಾರು ಮಂಟಯ್ಯನೋರೇ?" ಅಂದ್ಲು.

ವಿಮಲಮ್ಮನ ಹೆಸರು ನಾನು ಎತ್ತೇ ಇಲ್ಲ. ಪಕ್ಕದ ಮನೆಯೋರು ಅಂದಿದ್ದಕ್ಕೆ ಹೌದಾ ಅಂತ ಮುಖ ಒಂತರಾ ಮಾಡಿ ಹೊಂಟೋದ್ಲು. ಬೀದೀಲಿ ಯಾರೋ ಇಲ್ಲದ್ದು ಊದವ್ರೆ, ಗಂಡ ಸತ್ತೋಳಿಗೂ ಹೆಂಡ್ರು ಸತ್ತೋನಿಗೂ ಕತೆ ಕಟ್ಟವ್ರೆ ಅಂತ ನನ್ನ ತಲೆಗೆ ಹತ್ಕಂಡ್ಬುಡ್ತು. ಸೀದಾ ಹೋಗಿ ವಿಮಲಮ್ಮನ್ನೇ ಕೇಳ್ದೆ, ನಮ್ಮಿಬ್ರ ವಿಷ್ಯ ಎಲ್ಲಾದ್ರೂ ಮಾತು ಎದ್ದೈತಾ ಅಂತ. ಅವಳು ಒನಕೆ ಒಂದು ಎತ್ತಿಲ್ಲ ಅಷ್ಟೆ.

"ನಿನ್ ಮೂತಿಗೆ ನನ್ನ ಗಂಟು ಹಾಕ್ತಾರೇನೋ ಯಾರಾರ? ಕುರ್ಚಿ ಕೊಟ್ಟಿದ್ದೀನಿ, ಕನ್ನಡೀನೂ ಕೊಡ್ತೀನಿ ಇರು, ನೋಡ್ಕಳುವಂತೆ," ಅಂದ್ಲು.

ಸಾಯಂಕಾಲವೇ ಬಂದು ಕುರ್ಚಿ ಎತ್ಕಂಡೋದ್ಲು. ಲೋಟ ವಾಪಸ್ ಕೊಡಾಣ ಅಂತ ಅಜ್ಜಿ ತೊಳೀತಾ, ಏನ್ಲಾ ಇದು ಅಂತ ನನ್ ಮುಂದೆ ಹಿಡುದ್ಲು. ಲೋಟದ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಹೊಡ್ಸೈತೆ, ವಿಮಲಮ್ಮ ಅಂತ. ಆ ಹುಡ್ಗಿ ಎಲ್ಲಾ ಲೋಟದ ಮ್ಯಾಲೂ ಅದೇ ಹೆಸರು ನೋಡವ್ಳೆ. ಈ ಮನೇಲಿ ವಿಮಲಮ್ಮ ಅಂತ ಒಬ್ಬ ಹೆಂಗಸು ಅವ್ಳೆ, ನಾನು ಮುಚ್ಚಿಡ್ತಾವ್ನಿ ಅಂತ ತಿಳ್ಕಂಡವ್ಳೆ. ನಮ್ ಬಡತನ ಕಾಣದಂಗೆ ಇಸ್ಕಂಡು ತಂದಿದ್ದು ಹೋಗಿ ನನ್ ನಡತೆ ಮ್ಯಾಲೆ ಬಂದು ಕುಂತ್ಕಂಡಿತ್ತು. ಅಜ್ಜಿ ನಕ್ಕು ನಕ್ಕು ಕೆಮ್ಮು ಹತ್ತಿಸ್ಕಂಡ್ಲು. ವಿಮಲಮ್ಮನಿಗೆ ತಪ್ಪಾಯ್ತು ಅನ್ನಕ್ಕೆ ಒಂದು ಪೊಟ್ಟಣ ಬೋಂಡ ತಗಂಡೋದೆ. ಬೋಂಡ ಇಸ್ಕಂಡ್ಲು, ಬಾಗಿಲು ಹಾಕ್ಕಂಡ್ಲು.

ಈ ಗುರುವಾರ ಸುಧಾ ಮೂರ್ನೇ ಸತಿ ಬಂದಿದ್ಲು. ಲೋಟದ ಕತೆ ಹೇಳ್ದೆ. ಮುಖ ಕೆಂಪಗಾಗ್ಬುಡ್ತು ಅವಳಿಗೆ. ನೋಡೋದು ಕಲ್ತೆ, ನೋಡಿದ್ದನ್ನ ಕೇಳೋದು ಕಲೀನಿಲ್ಲ ಅಂತ ಅವಳಿಗವಳೇ ಬೈಕಂಡ್ಲು. ಒಳ್ಳೇ ಹುಡ್ಗಿ ಕಣವ್ವ, ಸುಳ್ಳು ಹೇಳ್ಬಾರ್ದು. ಆಮೇಲೆ ಅದೂ ಇದೂ ಕೇಳಿ ಹೋದ್ಲು.

ಇನ್ನೇನು ಸಮಾಚಾರ ಇಲ್ಲ. ಈ ವರ್ಷ ಹೊಗೆಸೊಪ್ಪು ಮಾರೋರೆಲ್ಲಾ ನಮ್ಮಂಗಡೀಲೇ ನಿಲ್ತಾರೆ, ಯಾವಾರ ಪರವಾಗಿಲ್ಲ. ಅಜ್ಜಿ ನಿಂಗೆ ಹುಣಸೆ ತೊಕ್ಕು ಮಾಡಿ ಇಟ್ಟವ್ಳೆ, ಕ್ಯಾಸೆಟ್ ಜೊತೇಲೇ ಕಳಿಸ್ತೀನಿ. ತಣ್ಣೀರಲ್ಲಿ ತಲೆ ನೆನಸ್ಬ್ಯಾಡ. ನಿನ್ ಸಂಸಾರ ತಣ್ಣಗಿರ್ಲಿ, ಚಾಮುಂಡವ್ವ ನಿನ್ ಬೆನ್ನಿಗಿರ್ಲಿ.

ನಿಮ್ಮಪ್ಪ,
ಮಂಟಯ್ಯ

ಆಫ್ ಮಾಡಿದ್ದೆ. ಮತ್ತೆ ಒತ್ತಿದೀನಿ. ಅಜ್ಜಿ ಒಳಗೆ ಹೋದ್ಲು, ಈಗ ಹೇಳ್ತೀನಿ.

ಗುರುವಾರ ಅದೂ ಇದೂ ಕೇಳಿ ಹೋದ್ಲು ಅಂದ್ನಲ್ಲ. ಸಿಂಧು ಇಲ್ಲಿಗೆ ಬಂದ್ರೆ ನಮ್ ಪವಿತ್ರಾ ತೋಟದಿಂದ ತಿಂಗ್ಳಿಗೊಂದ್ಸತಿ ಬಂದು ನೋಡ್ಕಂಡೋಯ್ತಾಳೆ ಅಂದೆ ನಾನು. ಅದಕ್ಕೆ ಅವಳು, "ಏಳು ತಿಂಗ್ಳಲ್ಲಿ ಅಷ್ಟು ದೂರ ಬಸ್ಸಲ್ಲಿ ಎಲ್ ಬರ್ತಾರೆ," ಅಂದ್ಬುಟ್ಲು. ಅಂದ್ಮೇಲೆ ನಾಲಿಗೆ ಕಚ್ಕಂಡ್ಲು.

ನಾನು ಏನೂ ಕೇಳ್ನಿಲ್ಲ. ಸುಮ್ಕೆ ಕುಂತೆ. ಬೇಕು ಅಂತ ಅಲ್ಲ, ಬಾಯೇ ಬರ್ನಿಲ್ಲ. ಅವಳಿಗೆ ಅದು ತಡೀನಿಲ್ಲ, ಕಲಿಯೋ ಹುಡ್ಗಿ. ತಾಯಿನ ಕೇಳ್ದೆ ಮಗು ಕೊಡಂಗಿಲ್ಲ ಅಂತ ಸಂಸ್ಥೇಲಿದ್ದ ವಿಳಾಸ ಹಿಡ್ಕಂಡು, ನಮ್ಮನೆಗೆ ಬರಕ್ ಮುಂಚೆನೇ ಮಾನಂತವಾಡಿಗೆ ಹೋಗಿ ನಿನ್ನ ಆಸ್ಪತ್ರೆ ಹತ್ರ ನೋಡಿದ್ರಂತೆ, ಮೇಷ್ಟ್ರೂ ಅವಳೂ. ಅಂದ್ರೆ ನಾನು ತೋಟ ತೋಟ ಅಂತಿದ್ದಾಗೆಲ್ಲಾ ಅದು ಸುಳ್ಳು ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತಲೆ ಆಡಿಸ್ತಿದ್ಲು.

"ಅಪ್ಪ ಒಳ್ಳೇರೇ, ಮಗೂನ ಚೆನ್ನಾಗೇ ನೋಡ್ಕತಾರೆ. ಆದ್ರೆ ಬಾಯಿ ನಿಲ್ಲಲ್ಲ. ಅವ್ರ ಹತ್ರ ಮಗು ಇದ್ರೆ ನನ್ ಮನೆ ಉಳಿಯಲ್ಲ, ಕೊಡ್ಬೇಡಿ ಅಂದ್ರು ನಿಮ್ ಮಗಳು," ಅಂತ ಹೇಳಿ ಸುಧಾ ಅತ್ಬುಟ್ಲು. ನಾನು ಹೇಳಿದ್ದು ಅಂತ ಸಾರ್‌ಗೆ ಗೊತ್ತಾಗೋದು ಬ್ಯಾಡ ಅಂತ ಕೈ ಮುಗುದ್ಲು. ನಾನೇ ನೀರು ಕೊಟ್ಟು ಕಳಿಸ್ದೆ.

ನೀನು ಬಸುರಿ ಅಂತ ನಂಗೆ ಮೂರೇ ಸತಿ ಕಂಡಿರೋ ಒಂದು ಹುಡ್ಗಿ ಬಾಯಲ್ಲಿ ಗೊತ್ತಾಗ್ಬೇಕಾಯ್ತಲ್ಲ ಮಗ. ನೀನು ಮಾನಂತವಾಡೀಲಿ ಇದ್ದೀಯ ಅಂತ ನಮ್ಮನೆ ಬುಟ್ರೆ ಈ ಬಿಳಿಕೆರೇಲಿ ಒಂದು ನರಪಿಳ್ಳೆಗೆ ಗೊತ್ತಿಲ್ಲ. ಬೋಂಡ ತಿನ್ನೋರ ಮುಂದೆ ಜಗತ್ತಿಂದೆಲ್ಲಾ ಮಾತಾಡ್ತೀನಿ, ನಿಂದು ಒಂದಿನ ಆಡಿಲ್ಲ. ಈ ಕ್ಯಾಸೆಟ್ ತರ್ತಾರಲ್ಲ, ಆ ಕಂಡಕ್ಟ್ರಿಗೂ ನೀನು ನಮ್ ನಂಟ್ರೋರ ಮಗಳು ಅಂತಲೇ ಹೇಳಿರೋದು.

ಇವತ್ತು ಬೆಳಗ್ಗೆ ಸಿಂಧುನ ನೋಡಕ್ಕೋಗಿದ್ದೆ. ಎರಡು ಜಡೆ ಹಾಕವ್ರೆ, ಮುಂದಿನ ಹಲ್ಲು ಬಿದ್ದೈತೆ. ನನ್ ತೊಡೆ ಮ್ಯಾಲೆ ಕುಂತ್ಕಂಡು, ಅಮ್ಮ ಎಲ್ಲವ್ಳೆ ತಾತ ಅಂತು. ನಾನು ಬಾಯಿ ಬುಡ್ನಿಲ್ಲ. ತೋಟ ಅಂತಲೂ ಅನ್ನಕ್ಕಾಗ್ನಿಲ್ಲ, ಆ ಸುಳ್ಳು ದೊಡ್ಡೋರಿಗೆ ಅಂತ ಮಾಡಿದ್ದು. ನನ್ ಮುಖಾನೇ ಒಂದು ಗಳಿಗೆ ನೋಡ್ತು. ಆಮೇಲೆ ನನ್ ಅಂಗಿ ಗುಂಡಿ ಹಾಕ್ತಾ, ನಿಮ್ ಬಸ್ಸು ಎಷ್ಟೊತ್ಗೆ ತಾತ ಅಂತ ಕೇಳ್ತು. ಆರೊರ್ಷದ ಕೂಸು ಕಣವ್ವ. ನಂಗೆ ಕಷ್ಟ ಆಯ್ತದೆ ಅಂತ ಮಾತು ತಿರುಗಿಸ್ತು. ಅಲ್ಲಿ ಅಂಗೆ ಕೇಳ್ಬ್ಯಾಡಿ ಅಂತ ಕಲಿಸವ್ರಾ, ಇಲ್ಲ ತಾನೇ ಕಲ್ತ್ಕಂಡೈತಾ ಅಂತ ದಾರಿಯುದ್ದಕ್ಕೂ ಅದೇ ಯೋಚ್ನೆ.

ಮೇಷ್ಟ್ರು ಇನ್ನೊಂದ್ಸತಿ ನಿನ್ ಹತ್ರ ಬತ್ತಾರಂತೆ, ಕಡೇ ಮಾತು ಕೇಳಕ್ಕೆ. ನೀನು ಬ್ಯಾಡ ಅಂದ್ರೆ ಬ್ಯಾಡ. ನಾನು ಎದುರು ಹೇಳಕ್ಕಿಲ್ಲ. ಕೂಸ್ನ ಭಾನುವಾರ ಭಾನುವಾರ ಹೋಗಿ ನೋಡ್ಕಂಬತ್ತೀನಿ.

ಕೇಳಿದ್ಮೇಲೆ ಇದ್ರ ಮ್ಯಾಲೆ ಯಾವ್ದಾರ ಹಾಡು ತುಂಬಿಸ್ಬುಡು. ಎರಡೂ ಕಡೆ ತುಂಬ್ಸು. ನನ್ ದನಿ ಉಳಿಯೋದ್ ಬ್ಯಾಡ.