ಬದನೆಕಾಯಿ ಬಣ್ಣದ ಗೋಡೆ

ಜನವರಿ 18, ಶನಿವಾರ

ಶಿರಸಿಯ ಕಾಲೇಜಿನಲ್ಲಿ ಪಾಠ ಮುಗಿಸಿ ಬೇಗ ಬಂದೆ. ದಾಸನಕೊಪ್ಪದ ಹೊಸ ಮನೆಗೆ ಇನ್ನು ಬಣ್ಣವೊಂದೇ ಬಾಕಿ. ಗೃಹಪ್ರವೇಶಕ್ಕೆ ಮೊದಲೇ ಹಿಂದಿನ ಕೋಣೆಯಲ್ಲಿ ಬಿಡಾರ ಹೂಡಿದ್ದೇವೆ. ನಕ್ಷೆ, ಕಿಟಕಿ, ಟೈಲ್ಸ್ — ಎಲ್ಲ ನಾನೇ ಆರಿಸಿದ್ದು. ವಾಣಿಶ್ರೀ ಕೇಳಿದ್ದು ಮುಂದಿನ ಗೋಡೆಯೊಂದನ್ನು. ಬದನೆಕಾಯಿ ಬಣ್ಣ ಬೇಕಂತೆ.

"ಯಾಕ?" ಎಂದೆ.

"ಚಂದ ಐತಿ, ಅದಕ್ಕ."

"ಅದೇನ್ ಕಾರಣ ಆತು?"

"ನನ್ನ ನೋಡಾಕ ಬಂದಾಗ ನೀವೇನು ಕಾರಣ ಬರಕೊಂಡು ಬಂದಿದ್ರೇನು?"

ಆದರೂ ಐವರಿ ವೈಟ್‌ಗೇ ಆರ್ಡರ್ ಕೊಟ್ಟೆ. ಕೆಳಗೆ ಬೂದು ಪಟ್ಟಿ. ಅಭಿರುಚಿ ಎನ್ನುವುದು ಪಳಗಿ ಬರುವಂಥದ್ದು — ಇದನ್ನು ಅವಳಿಗೆ ಹೇಳಲಿಲ್ಲ. ಮುಖದಲ್ಲೇ ಓದಿಕೊಂಡಳು.

ಜನವರಿ 23

ಪೇಂಟರ್ ಸುಭಾಷ್ ಮುಗಿಸಿದ. ರಸ್ತೆಯಾಚೆ ನಿಂತು ನೋಡಿದೆ. ಶಾಂತ. ಯಾರನ್ನೂ ಏನನ್ನೂ ಕೇಳದ ಗೋಡೆ.

ವಾಣಿ ನೋಡಲು ಹೊರಗೆ ಬರಲಿಲ್ಲ. ಊಟಕ್ಕೆ ಬಡಿಸಿ ಒಳಗೆ ಹೋದಳು.

ಜನವರಿ 26, ಬೆಳಿಗ್ಗೆ

ಗೇಟಿನಲ್ಲಿ ಒಬ್ಬ ಮುದುಕ, ಹಗ್ಗದ ತುದಿಗೆ ಆಡು. ಎಕ್ಕಂಬಿಯ ಮಡಿವಾಳಪ್ಪನಂತೆ.

"ಡಾಕ್ಟರ್ ಸಾಹೇಬ್ರು ಅದಾರೇನ್ರಿ? ಆಡು ಮೇವು ಬಿಟ್ಟೈತಿ."

"ಇದು ಮನಿರೀ."

"ಮನಿ?" ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ. "ದನದ ದವಾಖಾನಿ ಇಲ್ಲಿಗೆ ಬಂತು ಅನ್ಕೊಂಡ್ನಿ. ಹಂಗ ಕಾಣ್ತೈತಿ ಬಿಡ್ರಿ."

ಒಳಗಿಂದ ನಗು. ವಾಣಿ ಬಾಗಿಲಿಗೆ ಬಂದಳು. "ಬರ್ರಿ ಅಜ್ಜಾ, ಚಾ ಕುಡೀರಿ. ಡಾಕ್ಟರು ಇವ್ರ."

ಆಡು ಅಷ್ಟರಲ್ಲಿ ನನ್ನ ದಾಸವಾಳದ ಕುಂಡಕ್ಕೆ ಬಾಯಿ ಹಾಕಿತ್ತು.

"ನೋಡ್ರಿ, ಮೇವು ಹಿಡೀತು. ಏನ್ ಕೈಗುಣ!" ಎಂದಳು.

ಸಂಜೆ

ಈ ಬಿಳಿ ನನಗೆ ಎಲ್ಲಿಂದ ಬಂತು? ಓದಿನಿಂದ ಎಂದುಕೊಂಡಿದ್ದೆ. ಕಣ್ಣು ಮುಚ್ಚಿದರೆ... ಚಿಕ್ಕಂದಿನ ಕಿವಿನೋವು, ಸರ್ಕಾರಿ ಆಸ್ಪತ್ರೆಯ ಬೆಂಚು. ಬಿಳಿ ಗೋಡೆ, ಬೂದು ಪಟ್ಟಿ. ಕಿವಿಗೆ ಬೆಚ್ಚಗಿನ ಹನಿ. ನರ್ಸ್ ಪೆಪ್ಪರಮಿಂಟ್ ಕೊಟ್ಟಳು. ನೋವು ನಿಂತ ಜಾಗವನ್ನೇ ಇಷ್ಟು ವರ್ಷ ಸೌಂದರ್ಯ ಎಂದು ಕರೆದೆನೇ? ಹಾಗಾದರೆ ಮಡಿವಾಳಪ್ಪ ಸರಿಯಾದ ವಿಳಾಸಕ್ಕೇ ಬಂದಿದ್ದ.

ಒಬ್ಬನೇ ನಕ್ಕೆ. ಸುಭಾಷ್‌ಗೆ ಫೋನ್ ಮಾಡಿದೆ.

ಫೆಬ್ರವರಿ 2

ನಾಡಿದ್ದು ಗೃಹಪ್ರವೇಶ. ಬದನೆಕಾಯಿ ಬಣ್ಣದ ಗೋಡೆ ಇವತ್ತು ಮುಗಿಯಿತು. ವಾಣಿ ನಡುರಸ್ತೆಗೇ ಹೋಗಿ ನಿಂತಳು. ಬಸ್ಸಿನವನು ಹಾರ್ನ್ ಹೊಡೆದ. ಸರಿಯಲಿಲ್ಲ.

"ಈ ಬಣ್ಣದ ಹುಚ್ಚು ನಿನಗ ಎಲ್ಲಿಂದ ಬಂತು? ಸಣ್ಣಾಕಿ ಇದ್ದಾಗ ಏನರ..."

"ಎಲ್ಲಿಂದೂ ಇಲ್ಲ ಮಾರಾಯ್ರ. ನೋಡಿದ್ನಿ, ಮನಸ್ಸಿಗೆ ಬಂತು. ಬಸ್ಸಿನವಗೂ ಹಾರ್ನಿನ ಹುಚ್ಚು ಎಲ್ಲಿಂದ ಬಂತು ಅಂತ ಕೇಳ್ತೀರೇನು?"

ನನ್ನ ಲೆಕ್ಕದ ಪ್ರಕಾರ ಇದು ನನಗೆ ಹಿಡಿಸಬಾರದು. ಈ ಬಣ್ಣದ ಬಾಲ್ಯ ನನಗಿಲ್ಲ. ಇಳಿಬಿಸಿಲು ಬಿತ್ತು, ಗೋಡೆಯ ಮೇಲೆ, ಅವಳ ಕೆನ್ನೆಯ ಮೇಲೆ. ಹಿಡಿಸಿದ್ದು ಯಾವುದು — ಬೇರೆ ಮಾಡಿ ನೋಡಲು ಹೋದೆ. ಆಗಲಿಲ್ಲ.

ಕರೆಯುತ್ತಿದ್ದಾಳೆ. ಬೆಳಕು ಹೋಗುವುದರೊಳಗೆ ಇನ್ನೊಮ್ಮೆ ನೋಡಬೇಕಂತೆ. ನನಗೂ —