ಇಲ್ಲದ ಉಬ್ಬು

೮ ಜುಲೈ ೧೯೭೪
ಬೊರಿವಲಿಯಿಂದ ಲೋಕಲ್ ರೈಲಿನಲ್ಲಿ ನಿಂತೇ ಬಂದೆ. ಆಸ್ಪತ್ರೆಗೆ ಹತ್ತೂಕಾಲು. ಕಣ್ಣಿನ ವಿಭಾಗದ ಡಾರ್ಕ್ ರೂಮಿನ ಹೊರಗೆ ಆಗಲೇ ಏಳು ಜನ. ಕೊನೆಯವನು ಖಂಡಪ್ಪ, ವಿಕ್ರೋಳಿಯ ಒಂದು ಕಾರ್ಖಾನೆಯ ವಾಚ್‌ಮನ್. ಹಗಲು ಪಾಳಿಯಿಂದ ರಾತ್ರಿ ಪಾಳಿಗೆ ಹಾಕಿದ್ದಾರೆ. ಕತ್ತಲಲ್ಲಿ ಏನೂ ಕಾಣುವುದಿಲ್ಲ ಅನ್ನುತ್ತಾನೆ. ನಾಟಕ ಅನ್ನುತ್ತಾರೆ ಮೇಲಿನವರು. ನಮ್ಮ ರಿಪೋರ್ಟು ನೋಡಿ ತೀರ್ಮಾನವಂತೆ.

ಅರ್ಧ ಗಂಟೆ ಕತ್ತಲಲ್ಲಿ ಕೂರಿಸಿ, ಕಣ್ಣಿಗೆ ತಂತಿಯ ಲೆನ್ಸ್ ಹಾಕಿ ಫ್ಲ್ಯಾಶ್ ಕೊಟ್ಟೆ. ಕಣ್ಣಿನ ವಿದ್ಯುತ್ತನ್ನು ಮೆಷಿನ್ ತೋರಿಸುವ ಗೆರೆ ಕೆಳಗಿಳಿಯಿತು. ಆಮೇಲೆ ಏಳಬೇಕಾದ ಉಬ್ಬು ಏಳಲಿಲ್ಲ. ತಂತಿ ಸಡಿಲ... ಹಾಳು ಮೆಷಿನ್. ರಿಪೋರ್ಟಿಗೆ ಗೆರೆ ನಕಲು ಮಾಡುವಾಗ ಉಬ್ಬನ್ನು ನಾನೇ ಬರೆದುಬಿಟ್ಟೆ. ಎಲ್ಲರಿಗೂ ಇರುವುದೇ ತಾನೆ. ೫.೪೨ರ ಲೋಕಲ್ ಸಿಕ್ಕಿತು.

೧೧ ಜುಲೈ
ಡಾಕ್ಟರ್ ಸತ್ಯಮೂರ್ತಿ ನನ್ನ ಗೆರೆ ನೋಡಿ 'ನಾರ್ಮಲ್' ಎಂದು ಸಹಿ ಹಾಕಿದರು.

೩ ಆಗಸ್ಟ್, ಮಧ್ಯಾಹ್ನ
ಊಟದ ಬಿಡುವು. ಲೈಬ್ರರಿಯಲ್ಲಿ ಜರ್ನಲ್ ತಿರುವುತ್ತಿದ್ದೆ — ಕಪ್ಪೆಯ ರೆಟಿನಾ, ಕಣ್ಣಿನ ಒಳಪರದೆ. ಬೆಳಕು ಹಿಡಿಯುವ ಕೋಶ ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸುವುದು ರಾಸಾಯನಿಕದಿಂದ. ಅದನ್ನು ಗುರುತಿಸುವ ರಿಸೆಪ್ಟರ್ ಆ ಪಕ್ಕದ ಕೋಶದ ಮೇಲಿರಬೇಕು. ಯಾವ ರಾಸಾಯನಿಕ, ಇನ್ನೂ ಖಚಿತವಿಲ್ಲ. ಈ ಸಂಪರ್ಕ ಕೆಡಿಸಿದರೆ ಗೆರೆಯ ಇಳಿತ ಹಾಗೇ ಉಳಿಯುತ್ತದೆ, ಉಬ್ಬು ಮಾತ್ರ ಮಾಯ. ಚಿತ್ರ ನೋಡಿದೆ. ಖಂಡಪ್ಪನ ಗೆರೆಯೇ. ಕತ್ತಲಲ್ಲಿ ಕಾಣುವುದಿಲ್ಲ ಅಂದದ್ದು ನಾಟಕವಲ್ಲ.

ತಂತಿ ಸಡಿಲವಿದ್ದರೆ ಇಳಿತವೂ ಬರಬಾರದಿತ್ತು. ಇಷ್ಟೂ ಹೊಳೆಯಲಿಲ್ಲ. ಕತ್ತೆ ನಾನು.

೫ ಆಗಸ್ಟ್
ನನ್ನ ಕಣ್ಣಿಗೇ ಲೆನ್ಸ್ ಹಾಕಿ ನೋಡಿದೆ. ಉಬ್ಬು ಬಂತು. ಮೆಷಿನ್ ಸರಿ ಇದೆ. ಮತ್ತೊಮ್ಮೆ ಬರಲು ಖಂಡಪ್ಪನಿಗೆ ಕಾರ್ಡ್ ಹಾಕಿದೆ. ಡಾಕ್ಟರಿಗೆ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಹೆದರಿಕೆ.

೨೧ ಆಗಸ್ಟ್
ಬಂದ. ಕೈಗೆ ಬ್ಯಾಂಡೇಜ್. ರಾತ್ರಿ ಪಾಳಿಯಲ್ಲಿ ಮೆಟ್ಟಿಲು ತಪ್ಪಿ ಬಿದ್ದನಂತೆ. ಕುಡಿದಿದ್ದ ಎಂದು ಕೆಲಸದಿಂದ ತೆಗೆದಿದ್ದಾರೆ. ಜೊತೆಗೆ ಹೆಂಡತಿ ದೇವಕ್ಕ. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಹುಟ್ಟಿದಾಗಿಂದ ಹಿಂಗ ಐತ್ರಿ," ಅಂದ ಖಂಡಪ್ಪ. "ಆದ್ರ ಕಣ್ಣು ಚಲೋ ಅದಾವ ಅಂತ ನಿಮ್ಮ ಕಾಗದ ಬಂತು. ಓದಿದವ್ರು ಬರದಾರ, ನಾನ ಮೈಗಳ್ಳ ಇರಬೇಕು ಅನಕೊಂಡು ಸುಮ್ಮನ ಪಾಳಿಗೆ ಹೋದ್ನಿರಿ."

ಕತ್ತಲಲ್ಲಿ ಕೂರಿಸಿ ಲೆನ್ಸ್ ಹಾಕಿದೆ. ಮೂರು ಸಲ ಫ್ಲ್ಯಾಶ್. ಮೂರು ಸಲವೂ ಉಬ್ಬಿಲ್ಲ.

ಅದೇ ದಿನ, ನಾಲ್ಕು ಗಂಟೆ
ಡಾಕ್ಟರು ಹಳೇ ರಿಪೋರ್ಟು, ಹೊಸ ಫಿಲ್ಮು ಎರಡನ್ನೂ ಮೇಜಿನ ಮೇಲಿಟ್ಟರು.

"ಹುಟ್ಟಿನಿಂದ ಇದ್ದಿದ್ರೆ ಹೋದ ತಿಂಗಳು ಈ ಉಬ್ಬು ಎಲ್ಲಿಂದ ಬರ್ತಿತ್ತು, ತಿರುಮಲೇಶ? ಇವತ್ತಿನ ಫಿಲ್ಮಲ್ಲೇ ಏನೋ ತಪ್ಪಾಗಿದೆ. ಹಳೇದನ್ನೇ ಇಟ್ಕೊಳ್ಳೋಣ ಬಿಡಿ."

ತಪ್ಪಿಸಿಕೊಂಡೆ ಅನ್ನಿಸಿತು. ಹೌದು, ಒಂದು ಕ್ಷಣ ಖುಷಿಯೇ ಆಯಿತು. ಐದು ನಿಮಿಷ ಕೊಡಿ ಸಾರ್ ಎಂದು ಹೊರಗೆ ಬಂದೆ. ಅವರಿಬ್ಬರೂ ಬೆಂಚಿನ ಮೇಲೆ ಕೂತಿದ್ದಾರೆ. ದೇವಕ್ಕ ನನ್ನನ್ನು ನೋಡಿ ಎದ್ದು ನಿಂತಳು.

ಡಾಕ್ಟರು ಕರೆಯುತ್ತಿದ್ದಾರೆ. ಹೋಗಿ ಹೇಳಬೇಕಾದ್ದು ಒಂದೇ ಮಾತು. ಸಾರ್, ಆ ಉಬ್ಬು ಅವನದಲ್ಲ, ನಾನು —