ಬಾವಂಚಿ ಬೀಜದ ಸತ್ವ

ಬದಲಾಪುರ
೧೬ ಫೆಬ್ರವರಿ ೧೯೯೭

ಪ್ರೀತಿಯ ಅಕ್ಕನಿಗೆ ವಾರಿಜಾಳ ನಮಸ್ಕಾರ.

ನಿನ್ನ ಎರಡೂ ಕಾಗದ ಕೈಸೇರಿವೆ. ಬರೆಯದೆ ಕೂತದ್ದಕ್ಕೆ ಸಿಟ್ಟಾಗಬೇಡ. ಬೆಳಿಗ್ಗೆ ಲೋಕಲ್ ಹಿಡಿದು ಡೊಂಬಿವಲಿಯ ಕಾರ್ಖಾನೆ, ಸಂಜೆ ಅದೇ ಗರ್ದಿಯಲ್ಲಿ ವಾಪಸು; ಮನೆ ಸೇರಿದ ಮೇಲೆ ಪೆನ್ನು ಹಿಡಿಯಲೂ ಕೈ ಏಳುವುದಿಲ್ಲ. ಸಂಜನಾ ಚೆನ್ನಾಗಿದ್ದಾಳೆ. ನಾನು ತುಳುವಿನಲ್ಲಿ ಕೇಳಿದರೆ ಮಗಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ.

ನನ್ನ ಪ್ರಯೋಗ ಕೊನೆಗೂ ಕೈಗೂಡಿತು. ತೊನ್ನಿನ ಮದ್ದಿಗೆಂದು ಬಾವಂಚಿ ಬೀಜದಿಂದ ಸತ್ವ ತೆಗೆಯುತ್ತೇವೆ ಎಂದು ಬರೆದಿದ್ದೆನಲ್ಲ, ಅದಕ್ಕೆ ಇಷ್ಟು ವರ್ಷ ಪೆಟ್ರೋಲಿನ ಜಾತಿಯ ಹೆಕ್ಸೇನ್ ಬಳಸುತ್ತಿದ್ದರು. ಅದರ ಆವಿ ಶೆಡ್ಡಿನಲ್ಲೇ ತುಂಬಿಕೊಳ್ಳುತ್ತದೆ. ಅದರ ಬದಲು ನೀರು ಬೆರೆಸಿದ ಸ್ಪಿರಿಟ್ ಸಾಕೆಂದು ತೋರಿಸಲು ನಾನು ಎರಡು ವರ್ಷ ಒದ್ದಾಡಿದೆ. ಮೊದಮೊದಲು ಅರ್ಧದಷ್ಟೂ ಸತ್ವ ಇಳಿಯಲಿಲ್ಲ. ಬೀಜವನ್ನು ಇನ್ನೂ ನುಣ್ಣಗೆ ಪುಡಿಮಾಡಿ, ಬೆಚ್ಚಗೆ ಎರಡು ಸಲ ನೆನೆಸಿದ ಮೇಲೆ ಸರಿಸಮ ಬಂತು. ಕಾರ್ಖಾನೆಯ ಮಾಲೀಕ ಸೇಠ್‌ಗೆ ಗಾಳಿ-ನೀರಿನ ಚಿಂತೆಯೇನಿಲ್ಲ. ಹೆಕ್ಸೇನ್ ಸೋಂಕಿದ ಮಾಲು ಬೇಡವೆಂದು ಜರ್ಮನಿಯ ಗಿರಾಕಿ ಹೇಳಿದ್ದಕ್ಕೆ ಒಪ್ಪಿಕೊಂಡ. ಸೋಮವಾರ ಹೊಸ ಪದ್ಧತಿ ಶುರುವಾಯಿತು. ಪೇಡೆ ಹಂಚಿದರು. ನನಗೆ ತಿನ್ನಲು ಮನಸ್ಸಾಗಲಿಲ್ಲ.

ಹಣಮಂತ್ರಾಯ ಅಲ್ಲಿರಲಿಲ್ಲ. ಕಲಬುರಗಿ ಕಡೆಯವನು, ಆರು ವರ್ಷ ಹೆಕ್ಸೇನ್ ತೊಟ್ಟಿಗೆ ಬೀಜ ತುಂಬಿ, ಚರಟ ಎತ್ತಿದವನು. ಈಗ ಅವನ ಪಾದಗಳಿಗೆ ಸ್ಪರ್ಶವೇ ಇಲ್ಲ, ಕೈಯಲ್ಲಿ ಹಿಡಿತವಿಲ್ಲ. ಆ ಆವಿಯಿಂದ ನರಗಳು ಸೋತಿವೆ ಎಂದು ಡಾಕ್ಟರು ಹೇಳಿದ ವಾರವೇ ಸೇಠ್ ಅವನನ್ನು ಬಿಡಿಸಿದ. ಗುರುವಾರ ಅವನ ಖೋಲಿಗೆ ಹೋಗಿದ್ದೆ. ಹೆಂಡತಿ ದ್ರೌಪದಿ ಬಿಸಿನೀರಿಗೆ ತಾನು ಕೈಯಿಟ್ಟು ನೋಡಿ, ಆಮೇಲೆ ಅವನ ಕಾಲನ್ನು ಅದರಲ್ಲಿ ಇಳಿಸುತ್ತಿದ್ದಳು. ಸುಟ್ಟರೂ ಅವನಿಗೆ ತಿಳಿಯುವುದಿಲ್ಲವಂತೆ.

ಹೊಸದು ಹೇಗಿದೆ ಎಂದು ಅವನೇ ಕೇಳಿದ. ಅದು ನರಕ್ಕೆ ಹೀಗೆ ಹೊಡೆಯುವುದಿಲ್ಲ ಎಂದೆ.

"ಚಲೋ ಆತ್ರಿ ಮೇಡಂ. ನನ್ನ ಜಾಗಾಕ್ಕ ಬಂದಾವ್ರಿಗಿ ಹಿಂಗ ಆಗಂಗಿಲ್ಲ," ಎಂದ.

ಅವನು ಪರಿಹಾರಕ್ಕೆ ಅರ್ಜಿ ಹಾಕುತ್ತಿದ್ದಾನೆ. ಕಾಯಿಲೆ ಹೆಕ್ಸೇನ್‌ನಿಂದಲೇ ಬಂದದ್ದೆಂದು ನಾಳೆ ನಾನೂ ಬರೆದು ಸಹಿ ಹಾಕಿ ಕೊಡುತ್ತೇನೆ. ನನ್ನ ಕೆಲಸ ಹೋಗಬಹುದು. ಯೋಚನೆ ಮಾಡು ಎಂದರು ಇವರು, ಬೇಡ ಎನ್ನಲಿಲ್ಲ.

ಬಾವನಿಗೆ ನಮಸ್ಕಾರ ಹೇಳು. ನಿನ್ನ ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ವಾರಿಜಾ

ತಾ.ಕ.: ಒಂದನ್ನು ಬಿಟ್ಟು ಎಲ್ಲ ಬರೆದೆ, ಅಕ್ಕ. ಹೋದ ಚೌತಿಯ ಹೊತ್ತಿಗೆ ಹಣಮಂತ್ರಾಯ ಲ್ಯಾಬಿಗೆ ಬಂದು, "ಚಪ್ಪಲಿ ಕಾಲಾಗಿಂದ ಕಳಚಿ ಬಿದ್ರೂ ಗೊತ್ತಾಗವಲ್ದ್ರಿ. ಈ ವಾಸನಿಗೇ ಹಿಂಗ ಆಗ್ಯದೇನು?" ಎಂದು ಕೇಳಿದ್ದ. ಹೌದೆಂದು ನನಗೆ ಆಗಲೇ ಗೊತ್ತಿತ್ತು, ಓದಿದ್ದೆ. ಹೇಳಿದ್ದರೆ ಅವನೂ ಜೊತೆಯವರೂ ಕೆಲಸ ಬಿಟ್ಟು, ಹಳೆಯ ತೊಟ್ಟಿ ನಿಂತುಹೋಗುತ್ತಿತ್ತು. ಹೊಸ ಪದ್ಧತಿಯನ್ನು ಹೋಲಿಸಿ ತೋರಿಸಲು ನನಗೆ ಅದು ಇನ್ನೂ ನಾಲ್ಕು ತಿಂಗಳು ಬೇಕಿತ್ತು. "ನಿಶ್ಶಕ್ತಿ ಅಷ್ಟೆ, ಹಾಲು ಕುಡಿಯಿರಿ" ಎಂದೆ. ಅಲ್ಲಿ ಅವನೊಂದಿಗೆ ಕನ್ನಡ ಮಾತಾಡುವವಳು ನಾನೊಬ್ಬಳೇ. ನಂಬಿ, ಮತ್ತೆ ತೊಟ್ಟಿಯ ಹತ್ತಿರ ಹೋದ.